ಕೊನೇ ಅರ್ಧ ನಿಮಿಷದಲ್ಲಿ ‘ಮಹಿಳೆಯರೂ ಇದ್ದರು’ ಅನ್ನಬೇಡಿ: ಹಿಪ್ ಹಾಪ್ ಗೆಳೆಯರಿಗೆ ಒಂದು ಬಹಿರಂಗ ಪತ್ರ

ಕನ್ನಡದಲ್ಲಿ ಹಿಪ್ ಹಾಪ್ ಬಗ್ಗೆ ವಿಡಿಯೋ ಮಾಡುವವರಿಗೆ, ಬರೆಯುವವರಿಗೆ, ಜಾಮ್ (ಹಾಡು, ಕುಣಿತ, ಗೋಡೆಚಿತ್ರದ ಕೂಟ) ನಡೆಸುವವರಿಗೆ, ಗೋಡೆಗೆ ಬಣ್ಣ ಹಚ್ಚಿಸುವವರಿಗೆ,

ನಮಸ್ಕಾರ.

ನಿಮ್ಮ ಕೆಲಸ ನನಗೆ ಇಷ್ಟ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಸ್ವಲ್ಪ ಜಗಳ ಇದೆ.

ರ‍್ಯಾಪ್, ಡಿಜೆ, ಬ್ರೇಕಿಂಗ್ ಕುಣಿತ, ಗ್ರಾಫಿಟಿ (ಗೋಡೆ, ರೈಲುಗಳ ಮೇಲಿನ ಸ್ಪ್ರೇ ಬರಹ) ಎಲ್ಲ ಸೇರಿದ ಹಿಪ್ ಹಾಪ್ ಹುಟ್ಟಿದ ಕಥೆಯನ್ನು ನೀವು ಹೇಳುವ ರೀತಿ ನನಗೀಗ ಬಾಯಿಪಾಠ. 1973ರ ಆಗಸ್ಟ್ 11. ನ್ಯೂಯಾರ್ಕಿನ ಬ್ರಾಂಕ್ಸ್. ಸೆಡ್ಜ್‌ವಿಕ್ ಅವೆನ್ಯೂದ 1520ನೇ ನಂಬರಿನ ಕಟ್ಟಡದಲ್ಲೊಂದು ಪಾರ್ಟಿ. ಡಿಜೆ ಕೂಲ್ ಹರ್ಕ್, ರೆಕಾರ್ಡ್ ನುಡಿಸುವ ಎರಡು ಟರ್ನ್‌ಟೇಬಲ್. ಆಮೇಲೆ ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್, ಆಮೇಲೆ ಆಫ್ರಿಕಾ ಬಂಬಾಟಾ. ಗ್ರಾಫಿಟಿ ವಿಷಯ ಬಂದರೆ ಟಾಕಿ 183. ಗಂಡಸರ ಹೆಸರೆಲ್ಲ ಮುಗಿದ ಮೇಲೆ, ಕೊನೇ ಅರ್ಧ ನಿಮಿಷದಲ್ಲಿ ‘ಮಹಿಳೆಯರೂ ಇದ್ದರು’ ಅಂತ ಒಂದು ಸಾಲು. ಮದುವೆ ಆಲ್ಬಮ್‌ನ ಕೊನೇ ಪುಟದಲ್ಲಿ ಅಡುಗೆಯವರ ಫೋಟೋ ಅಂಟಿಸಿದ ಹಾಗೆ.

ಸರಿ, ಆ ರಾತ್ರಿಯಿಂದಲೇ ಶುರು ಮಾಡೋಣ. ಆ ಪಾರ್ಟಿ ಇಟ್ಟಿದ್ದು ಹರ್ಕ್ ಅಲ್ಲ. ಅವನ ತಂಗಿ ಸಿಂಡಿ ಕ್ಯಾಂಪ್‌ಬೆಲ್. ರಜೆ ಮುಗಿದು ಶಾಲೆ ಶುರುವಾಗುವ ಮುಂಚೆ ಹೊಸ ಬಟ್ಟೆ ತಗೊಳ್ಳೋಕೆ ಅವಳಿಗೆ ದುಡ್ಡು ಬೇಕಿತ್ತು. ಕಟ್ಟಡದಲ್ಲಿದ್ದ ರಿಕ್ರಿಯೇಷನ್ ರೂಮನ್ನು ಬಾಡಿಗೆಗೆ ಹಿಡಿದಳು. ಕಾರ್ಡುಗಳ ಮೇಲೆ ಕೈಯಲ್ಲೇ ಬರೆದು ಜನರನ್ನು ಕರೆದಳು. ಹುಡುಗಿಯರಿಗೆ 25 ಸೆಂಟ್, ಹುಡುಗರಿಗೆ 50 ಸೆಂಟ್ ಅಂತ ಪ್ರವೇಶ ದರ ಇಟ್ಟಳು. ಹಾಡು ಹಾಕೋಕೆ ಅಣ್ಣನನ್ನು ಹಿಡಿದಳು. ಜಾಗ, ಜನ, ದರ, ಡಿಜೆ, ಎಲ್ಲ ಅವಳದ್ದೇ ಏರ್ಪಾಡು. ಇವತ್ತು ಇಂಥ ಕೆಲಸ ಮಾಡುವವರನ್ನು ಪ್ರೊಮೋಟರ್ ಅಂತೀವಿ, ಪೋಸ್ಟರಿನ ಮೇಲ್ಗಡೆ ಹೆಸರು ಹಾಕ್ತೀವಿ. ಆ ಕುಟುಂಬ ಜಮೈಕಾದ ಕಿಂಗ್‌ಸ್ಟನ್‌ನಿಂದ ವಲಸೆ ಬಂದದ್ದು. ಅಂದರೆ ನೀವು ದಿನಾಂಕ ಸಮೇತ ನೆನಪಿಟ್ಟಿರುವ ರಾತ್ರಿ ಒಬ್ಬ ವಲಸೆ ಹುಡುಗಿಯ ಬಟ್ಟೆ ಖರ್ಚಿನ ಲೆಕ್ಕಾಚಾರದಿಂದ ಬಂದದ್ದು. ಇದು ಮುಚ್ಚಿಟ್ಟ ವಿಷಯವೇನೂ ಅಲ್ಲ. ಎಲ್ಲರಿಗೂ ಗೊತ್ತು. ಹೇಳುವಾಗ ಮಾತ್ರ ಬಿಟ್ಟುಹೋಗುತ್ತದೆ, ಅಷ್ಟೇ.

ಇವತ್ತು ಪತ್ರ ಬರೆಯೋಕೆ ಕೂತದ್ದು ಮುಖ್ಯವಾಗಿ ಇನ್ನೊಬ್ಬ ಹುಡುಗಿಗಾಗಿ. ಸಾಂಡ್ರಾ ಫಬಾರಾ. ನಿಮಗೆ ಲೇಡಿ ಪಿಂಕ್ ಅಂದರೆ ಗೊತ್ತಾಗುತ್ತದೆ. ನಿಮ್ಮಲ್ಲಿ ಹಲವರು ಅವರ ಹೆಸರು ಹೇಳಿದ್ದೀರಿ. ‘ಗ್ರಾಫಿಟಿಯ ಫಸ್ಟ್ ಲೇಡಿ’ ಅಂತ ಹೇಳಿ, ಒಂದು ಫೋಟೋ ತೋರಿಸಿ, ಮುಂದೆ ಹೋಗಿಬಿಟ್ಟಿದ್ದೀರಿ. ಅವರು ಏನು ಮಾಡಿದರು, ಹೇಗೆ ಮಾಡಿದರು, ಯಾರು ತಡೆದರು ಅಂತ ಯಾರೂ ಹೇಳಲಿಲ್ಲ. ನಾನು ಹೇಳ್ತೀನಿ, ಕೇಳಿ.

ಹುಟ್ಟಿದ್ದು 1964ರಲ್ಲಿ, ದಕ್ಷಿಣ ಅಮೆರಿಕದ ಈಕ್ವೆಡಾರ್ ದೇಶದ ಅಂಬಾಟೋ ಊರಿನಲ್ಲಿ. ಏಳನೇ ವಯಸ್ಸಿಗೆ ನ್ಯೂಯಾರ್ಕ್. ಬೆಳೆದದ್ದು ಕ್ವೀನ್ಸ್‌ನ ಆಸ್ಟೋರಿಯಾದಲ್ಲಿ. ಅಮೆರಿಕ 1965ರಲ್ಲಿ ವಲಸೆ ಕಾನೂನು ಬದಲಾಯಿಸಿ, ಯಾವ ದೇಶದಿಂದ ಎಷ್ಟು ಜನ ಬರಬಹುದು ಅನ್ನುವ ಹಳೇ ಕೋಟಾ ತೆಗೆದುಹಾಕಿತ್ತು. ಆಮೇಲಿನ ವರ್ಷಗಳಲ್ಲಿ ಕ್ವೀನ್ಸ್‌ನ ಬೀದಿಗಳು ಪೂರ್ತಿ ಬದಲಾದವು. ಒಂದೇ ಕಟ್ಟಡದಲ್ಲಿ ನಾಲ್ಕೈದು ಭಾಷೆ. ಆ ಹೊತ್ತಿಗೆ ನಗರದ ಖಜಾನೆಯೂ ಖಾಲಿ. 1975ರಲ್ಲಿ ನ್ಯೂಯಾರ್ಕ್ ದಿವಾಳಿಯ ಅಂಚಿಗೆ ಹೋಗಿತ್ತು. ರೈಲುಗಳು ಕೆಟ್ಟು ನಿಲ್ಲುತ್ತಿದ್ದವು. ಅಂಥ ಊರಲ್ಲಿ, ಅಂಥ ಕಾಲದಲ್ಲಿ ಈ ಹುಡುಗಿ ಹದಿಹರೆಯಕ್ಕೆ ಬಂದದ್ದು.

1979ರಲ್ಲಿ, ಹದಿನೈದನೇ ವಯಸ್ಸಿಗೆ, ಗೋಡೆ ಮೇಲೆ ಬರೆಯೋಕೆ ಶುರು ಮಾಡಿದಳು. ಮೊದಲು ಬರೆದದ್ದು ತನ್ನ ಹೆಸರಲ್ಲ. ಅವಳ ಗೆಳೆಯ ಪೊಲೀಸರ ಕೈಗೆ ಸಿಕ್ಕಿಬಿದ್ದಿದ್ದ. ಅವನನ್ನು ಪೋರ್ಟೊ ರೀಕೊಗೆ, ನೆಂಟರ ಮನೆಗೆ ಸಾಗಹಾಕಿದ್ದರು. ಆ ಸಂಕಟದಲ್ಲಿ ಅವನ ಹೆಸರನ್ನು ಊರೆಲ್ಲ ಬರೆದುಕೊಂಡು ಹೋದಳು. ಹುಡುಗ ಹೋದ, ಬರೆಯುವ ಹುಚ್ಚು ಉಳಿಯಿತು.

ಮ್ಯಾನ್‌ಹಟನ್‌ನ ಹೈಸ್ಕೂಲ್ ಆಫ್ ಆರ್ಟ್ ಅಂಡ್ ಡಿಸೈನ್‌ನಲ್ಲಿ ಓದು. ಆ ಶಾಲೆಯಲ್ಲಿ ಆಗ ಗ್ರಾಫಿಟಿ ಬರೆಯುವ ಹುಡುಗರು ತುಂಬಿಕೊಂಡಿದ್ದರು. ಕ್ಯಾಂಟೀನಿನಲ್ಲಿ ಕೂತು ಒಬ್ಬರ ಸ್ಕೆಚ್ ಬುಕ್ ಇನ್ನೊಬ್ಬರು ತಿರುವಿಹಾಕುವುದೇ ಅವರ ನಿಜವಾದ ಪಾಠ. ‘ಪಿಂಕ್’ ಅನ್ನುವ ಹೆಸರು ಕೊಟ್ಟದ್ದು ಟಿಸಿ5 ಅನ್ನುವ ಗ್ರಾಫಿಟಿ ತಂಡದ ಸೀನ್ ಎಂಬ ಹುಡುಗ. ನೋಡಿದ ತಕ್ಷಣ ಇದು ಹುಡುಗಿಯ ಕೈಬರಹ ಅಂತ ಗೊತ್ತಾಗಬೇಕು, ನಮ್ಮ ತಂಡದಲ್ಲಿ ಹುಡುಗಿ ಇದ್ದಾಳೆ ಅಂತ ಬೇರೆ ತಂಡದವರು ಹೊಟ್ಟೆ ಉರಿದುಕೊಳ್ಳಬೇಕು, ಅದಕ್ಕೆ ಆ ಹೆಸರು. ಹುಡುಗಿ ಒಂದು ಲೆಕ್ಕದಲ್ಲಿ ತಂಡದ ಒಡವೆ. ‘ಲೇಡಿ’ ಅಂತ ಮುಂದೆ ಸೇರಿಸಿಕೊಂಡದ್ದು ಅವಳೇ. ಯುರೋಪಿನ ರಾಜಮನೆತನಗಳ ಕಾಲದ ಪ್ರೇಮಕಥೆಗಳನ್ನು ಓದುವ ಹುಚ್ಚಿತ್ತು. ಆಸ್ಟೋರಿಯಾದ ವಲಸೆ ಹುಡುಗಿ ತನಗೆ ತಾನೇ ಬಿರುದು ಕೊಟ್ಟುಕೊಂಡಳು. ಯಾರ ಅಪ್ಪಣೆಯೂ ಬೇಕಾಗಲಿಲ್ಲ.

ಈಗ ಕೆಲಸದ ವಿಷಯ, ಅಂದರೆ ರೈಲಿನ ಮೇಲೆ ಬರೆಯುವುದು. ನೀವು ವಿಡಿಯೋಗಳಲ್ಲಿ ಯಾವಾಗಲೂ ಬಿಟ್ಟುಬಿಡುವುದು ಇದನ್ನೇ.

ರಾತ್ರಿ ಹೊತ್ತು ರೈಲು ನಿಲ್ಲಿಸುವ ಯಾರ್ಡಿನಲ್ಲೋ ಸುರಂಗದ ಪಕ್ಕದ ಹಳಿಯಲ್ಲೋ ರೈಲು ನಿಂತಿರುತ್ತದೆ. ಐಆರ್‌ಟಿ ಅನ್ನುವ ನಗರ ರೈಲು ಮಾರ್ಗದ ಒಂದು ಬೋಗಿ ಸುಮಾರು 51 ಅಡಿ ಉದ್ದ. ಪಕ್ಕದ ಹಳಿಯಲ್ಲಿ ಇನ್ನೊಂದು ರೈಲು. ಎರಡರ ನಡುವೆ ಇರುವ ಜಾಗ ಕೈಚಾಚುವಷ್ಟು. ಮೇಲಿನ ಭಾಗ ತುಂಬಬೇಕಾದರೆ ಒಂದು ಕಾಲು ಈ ರೈಲಿನ ಮೇಲೆ, ಇನ್ನೊಂದು ಕಾಲು ಆ ರೈಲಿನ ಮೇಲೆ. ಕೆಳಗೆ 600 ವೋಲ್ಟಿಗೂ ಜಾಸ್ತಿ ಕರೆಂಟ್ ಹರಿಯುವ ಮೂರನೇ ಹಳಿ. ಬೆಳಕು ಇಲ್ಲವೇ ಇಲ್ಲ ಅನ್ನಬಹುದು. ಹಿಂದೆ ಸರಿದು ನಿಂತು ಚಿತ್ರ ಹೇಗೆ ಬಂತು ಅಂತ ನೋಡೋಕೆ ಜಾಗವಿಲ್ಲ. ನಿಮಗಿಂತ ಎತ್ತರದ ಅಕ್ಷರವನ್ನು ಮೂಗಿನ ಹತ್ತಿರ ಇಟ್ಟುಕೊಂಡು ಬರೆಯಬೇಕು. ಪೂರ್ತಿ ಅಕ್ಷರ ಇರುವುದು ತಲೆಯಲ್ಲಿ ಮತ್ತು ಜೇಬಿನ ಸ್ಕೆಚ್ಚಿನಲ್ಲಿ ಮಾತ್ರ. ಡಬ್ಬಿಯ ಮೂತಿಗೆ ಬೇರೆ ಸ್ಪ್ರೇ ಡಬ್ಬಿಗಳಿಂದ ಕಿತ್ತ ನಾಜಲ್ ಸಿಕ್ಕಿಸಿದರೆ ಗೆರೆ ದಪ್ಪ ಬರುತ್ತದೆ, ಬೇಗ ತುಂಬುತ್ತದೆ. ಬೆಳಿಗ್ಗೆ ಆ ರೈಲು ಹೊರಟರೆ, ಎದುರು ಪ್ಲಾಟ್‌ಫಾರ್ಮಿನಲ್ಲಿ ನಿಂತು ಕಾಯಬೇಕು. ಆಗಲೇ ಬರೆದವರು ತಮ್ಮ ಚಿತ್ರವನ್ನು ಮೊದಲ ಸಲ ಪೂರ್ತಿಯಾಗಿ ನೋಡುವುದು. ಅದೂ ಕೆಲವು ಸೆಕೆಂಡು.

ಪಿಂಕ್ ಇದನ್ನು 1979ರಿಂದ 1985ರವರೆಗೆ ಮಾಡಿದಳು.

ನಡುವೆ ನಗರಾಡಳಿತವೂ ಸುಮ್ನೆ ಕೂತಿರಲಿಲ್ಲ. 1981ರಲ್ಲಿ ಮೇಯರ್ ಎಡ್ ಕಾಚ್ ಕಾಲದಲ್ಲಿ ಕ್ವೀನ್ಸ್‌ನ ಕೊರೋನಾ ಯಾರ್ಡಿಗೆ ಎರಡು ಸುತ್ತು ಬೇಲಿ ಹಾಕಿ, ನಡುವೆ ನಾಯಿ ಬಿಟ್ಟರು. ರೈಲುಗಳಿಗೆ ಬಿಳಿ ಬಣ್ಣ ಹೊಡೆದರು. ಆ ದಶಕದ ಕೊನೆಗೆ ರೈಲು ಇಲಾಖೆಯೇ ಗೆದ್ದಿತು. 1989ರ ಮೇ 12ರಂದು ಗ್ರಾಫಿಟಿ ಇದ್ದ ಕೊನೆಯ ರೈಲನ್ನೂ ಓಡಾಟದಿಂದ ತೆಗೆದರು.

ಇಲಾಖೆಯವರದ್ದು ಪೂರ್ತಿ ತಪ್ಪು ಅಂತ ನಾನು ಹೇಳಲ್ಲ. 1979ರಲ್ಲೇ ಸಮಾಜಶಾಸ್ತ್ರಜ್ಞ ನೇಥನ್ ಗ್ಲೇಜರ್ ಒಂದು ಮಾತು ಬರೆದಿದ್ದರು: ಬೋಗಿಯ ಒಳಗೆಲ್ಲ ಗೀಚಿರುವುದನ್ನು ನೋಡಿದ ಪ್ರಯಾಣಿಕರಿಗೆ ಇಲ್ಲಿ ಕೇಳುವವರೇ ಇಲ್ಲ ಅನ್ನಿಸುತ್ತದೆ, ಭಯ ಆಗುತ್ತದೆ ಅಂತ. ನಿಜವೇ. ರಾತ್ರಿ ಪಾಳಿ ಮುಗಿಸಿ ಒಬ್ಬಳೇ ಮನೆಗೆ ಹೋಗುವ ಹೆಂಗಸಿಗೆ, ನಕ್ಷೆ ಕೂಡ ಕಾಣದ ಹಾಗೆ ಮಸಿ ಬಳಿದ ಬೋಗಿಯಲ್ಲಿ ಕೂತಾಗ ಕಲೆ ನೆನಪಾಗಲ್ಲ. ಬಣ್ಣದ ಡಬ್ಬಿಗಳನ್ನು ಅಂಗಡಿಯಿಂದ ಎಗರಿಸುವುದು ಕೂಡ ಆ ಹುಡುಗರಲ್ಲಿ ಮಾಮೂಲಾಗಿತ್ತು. ಇದನ್ನೆಲ್ಲ ಮುಚ್ಚಿಟ್ಟು ಕಥೆಗೆ ಬರೀ ವೀರರಸ ತುಂಬುವುದು ನನಗೆ ಹಿಡಿಸಲ್ಲ. ನೀವು ಅದನ್ನು ಸ್ವಲ್ಪ ಜಾಸ್ತಿಯೇ ಮಾಡ್ತೀರಿ, ಬೇಜಾರು ಮಾಡ್ಕೋಬೇಡಿ.

ಆದರೆ ಪಿಂಕ್‌ಗೆ ಎದುರಾದದ್ದು ನಾಯಿ, ಬೇಲಿ, ಪೊಲೀಸರು ಮಾತ್ರ ಅಲ್ಲ. ಅವು ಹುಡುಗರಿಗೂ ಇದ್ದವು. ಹುಡುಗರಿಗೆ ಇಲ್ಲದ ಒಂದಿಷ್ಟು ಅವಳಿಗೆ ಮಾತ್ರ ಇತ್ತು, ಮತ್ತು ಅದು ಬಂದದ್ದು ಹಿಪ್ ಹಾಪ್ ಒಳಗಿಂದಲೇ. ಹುಡುಗಿಯನ್ನು ಯಾರ್ಡಿಗೆ ಕರೆದುಕೊಂಡು ಹೋದರೆ ಕಿರುಚುತ್ತಾಳೆ, ಓಡೋಕೆ ಆಗಲ್ಲ, ನಮ್ಮನ್ನೂ ಸಿಕ್ಕಿಸುತ್ತಾಳೆ ಅನ್ನುವ ಮಾತು. ಅವಳ ಚಿತ್ರ ಚೆನ್ನಾಗಿ ಬಂದರೆ, ಇದನ್ನು ಯಾವನೋ ಹುಡುಗ ಮಾಡಿಕೊಟ್ಟಿದ್ದಾನೆ ಅನ್ನುವ ಮಾತು. ಎಲ್ಲಕ್ಕಿಂತ ಕೊನೆಗೆ, ಅವಳು ಯಾರ ಯಾರ ಜೊತೆ ಮಲಗುತ್ತಾಳೆ ಅನ್ನುವ ಗಾಳಿಸುದ್ದಿ. ಇದೆಲ್ಲ ಅವರೇ ಮುಂದೆ ಸಂದರ್ಶನಗಳಲ್ಲಿ ಹೇಳಿಕೊಂಡ ವಿಷಯ. ರಾತ್ರಿ ಬೇರೆ ಬಡಾವಣೆಗೆ ಹೋಗಬೇಕಾದರೆ ಹುಡುಗನ ಹಾಗೆ ಬಟ್ಟೆ ಹಾಕಿಕೊಳ್ಳುತ್ತಿದ್ದಳು. ಹುಡುಗರು ಒಂದು ಸಲ ಚೆನ್ನಾಗಿ ಮಾಡಿ ತೋರಿಸಿದರೆ ಸಾಕಿತ್ತು. ಅವಳು ಪ್ರತಿ ಸಲ ಅವರ ಕಣ್ಣೆದುರೇ ಮಾಡಿ ತೋರಿಸಬೇಕಿತ್ತು.

ಹಾಗಂತ ಅವಳಿಗಿಂತ ಮುಂಚೆ ಹುಡುಗಿಯರೇ ಇರಲಿಲ್ಲ ಅಂತ ತಿಳ್ಕೋಬೇಡಿ. 1970ರ ದಶಕದ ಶುರುವಿನಲ್ಲೇ ಬಾರ್ಬರಾ 62, ಇವಾ 62 ಅನ್ನುವ ಹೆಸರುಗಳು ಊರ ತುಂಬ ಕಾಣುತ್ತಿದ್ದವು. 1971ರಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಬರೆದದ್ದು ಟಾಕಿ 183 ಬಗ್ಗೆ. ಆ ಹುಡುಗನೂ ಗ್ರೀಸ್ ಮೂಲದ ಕುಟುಂಬದವನು, 183ನೇ ಬೀದಿಯ ನಂಬರನ್ನು ಹೆಸರಿಗೆ ಅಂಟಿಸಿಕೊಂಡವನು. ಪತ್ರಿಕೆ ಯಾರ ಬಗ್ಗೆ ಬರೆಯಿತೋ ಅವನು ಚರಿತ್ರೆಗೆ ಸೇರಿದ. ಹುಡುಗಿಯರ ಹೆಸರು ಅಳಿಸಿಹೋಯಿತು, ಗ್ರಾಫಿಟಿ ಭಾಷೆಯಲ್ಲಿ ಹೇಳಬೇಕಾದರೆ ‘ಬಫ್’ ಆಯಿತು. ಈಗ ನೀವು ಆ ಪತ್ರಿಕೆಯ ಕಟಿಂಗ್ ತೋರಿಸಿ ಕಥೆ ಹೇಳುತ್ತೀರಿ. ಅಲ್ಲಿ ತಪ್ಪಿಹೋದವರು ನಿಮ್ಮಲ್ಲೂ ತಪ್ಪಿಹೋಗುತ್ತಾರೆ. ಹೀಗೆ ಐವತ್ತು ವರ್ಷ ಕಳೆದಿದೆ.

ಹುಡುಗರ ಆ ಮಾತುಗಳಿಗೆ ಪಿಂಕ್ ಕೊಟ್ಟ ಉತ್ತರ ನನಗೆ ತುಂಬಾ ಹಿಡಿಸಿದ್ದು. 1980ರಲ್ಲಿ ಹುಡುಗಿಯರದ್ದೇ ಒಂದು ತಂಡ ಕಟ್ಟಿದಳು, ಲೇಡೀಸ್ ಆಫ್ ದಿ ಆರ್ಟ್ಸ್. ಅದೇ ವರ್ಷ ದಕ್ಷಿಣ ಬ್ರಾಂಕ್ಸ್‌ನ ಫ್ಯಾಷನ್ ಮೋಡಾ ಗ್ಯಾಲರಿಯಲ್ಲಿ ನಡೆದ ಗ್ರಾಫಿಟಿ ಪ್ರದರ್ಶನದಲ್ಲಿ ಹುಡುಗರ ಸಾಲಿನಲ್ಲೇ ಅವಳ ಕೆಲಸವೂ ಇತ್ತು. ಆಗ ವಯಸ್ಸು ಹದಿನಾರು. 1983ರಲ್ಲಿ ಬಂದ ‘ವೈಲ್ಡ್ ಸ್ಟೈಲ್’ ಚಿತ್ರದಲ್ಲಿ ರೋಸ್ ಅನ್ನುವ ಪಾತ್ರ ಮಾಡಿದಳು. ಗ್ರಾಫಿಟಿ, ರ‍್ಯಾಪ್, ಬ್ರೇಕಿಂಗ್, ಡಿಜೆ ಎಲ್ಲವನ್ನೂ ಒಂದೇ ಕಡೆ ಜಗತ್ತಿಗೆ ತೋರಿಸಿದ ಚಿತ್ರ ಅದು, ನೀವೆಲ್ಲ ನೋಡಿರುತ್ತೀರಿ. ಅಲ್ಲಿ ಕೂಡ ನೋಡಿ, ಕಥೆ ಹುಡುಗನದ್ದು. ರೈಲಿನ ಮೇಲೆ ನಿಜವಾಗಿ ಬರೆಯುತ್ತಿದ್ದ ಹುಡುಗಿ ತೆರೆಯ ಮೇಲೆ ಬಂದದ್ದು ನಾಯಕನ ಪ್ರೇಯಸಿಯಾಗಿ. ಅದಾದ ಮೇಲೆ ಕಲಾವಿದೆ ಜೆನ್ನಿ ಹೋಲ್ಜರ್ ಜೊತೆ ಸೇರಿ ಕ್ಯಾನ್ವಾಸ್ ಮಾಡಿದಳು. ಇಪ್ಪತ್ತೊಂದನೇ ವಯಸ್ಸಿಗೆ ಫಿಲಡೆಲ್ಫಿಯಾದ ಮೂರ್ ಕಾಲೇಜ್ ಆಫ್ ಆರ್ಟ್‌ನಲ್ಲಿ ಮೊದಲ ಏಕವ್ಯಕ್ತಿ ಪ್ರದರ್ಶನ. ಇವತ್ತು ಅವರ ಚಿತ್ರಗಳು ವಿಟ್ನಿ, ಮೆಟ್ರೊಪಾಲಿಟನ್, ಬ್ರೂಕ್ಲಿನ್ ಮ್ಯೂಸಿಯಮ್‌ಗಳ ಸಂಗ್ರಹದಲ್ಲಿವೆ.

ರ‍್ಯಾಪ್ ಕಡೆ ಬಂದರೂ ಇದೇ ಕಥೆ. ನಾರ್ತ್ ಕ್ಯಾರೊಲಿನಾದ ವಿಲ್ಮಿಂಗ್ಟನ್‌ನಲ್ಲಿ ಹುಟ್ಟಿ, ಚಿಕ್ಕಂದಿನಲ್ಲೇ ಬ್ರಾಂಕ್ಸ್‌ಗೆ ಬಂದವಳು ಶಾ-ರಾಕ್. ದೇಶದ ಒಳಗಿನ ವಲಸೆಯೂ ವಲಸೆಯೇ, ಅಲ್ವಾ? ಅವಳಿದ್ದ ಗುಂಪಿನ ಹೆಸರು ಫಂಕಿ ಫೋರ್ ಪ್ಲಸ್ ಒನ್. ಆ ‘ಪ್ಲಸ್ ಒನ್’ ಯಾರು ಅಂತ ನಾನು ಬಿಡಿಸಿ ಹೇಳಬೇಕಿಲ್ಲ. 1981ರ ಫೆಬ್ರವರಿ 14ರಂದು ‘ಸ್ಯಾಟರ್‌ಡೇ ನೈಟ್ ಲೈವ್’ ಟಿವಿ ಕಾರ್ಯಕ್ರಮದಲ್ಲಿ ಆ ಗುಂಪು ಹಾಡಿತು. ಅಮೆರಿಕದ ರಾಷ್ಟ್ರೀಯ ಟಿವಿಯಲ್ಲಿ ರ‍್ಯಾಪ್ ಗುಂಪೊಂದು ಕಾಣಿಸಿಕೊಂಡದ್ದು ಆಗಲೇ ಮೊದಲು ಅಂತ ಹಲವರು ಹೇಳುತ್ತಾರೆ. ಲೆಕ್ಕಕ್ಕೆ ಹೊರಗಿದ್ದವಳೇ ಆ ರಾತ್ರಿ ಮೈಕ್ ಹಿಡಿದು ಮುಂದೆ ನಿಂತಿದ್ದಳು.

ಇನ್ನು ಗೋಡೆಗಳ ಕಾನೂನಿನ ವಿಷಯ. ಇದನ್ನು ನಿಮ್ಮಲ್ಲಿ ಗೋಡೆ ಚಿತ್ರದ ಕಾರ್ಯಕ್ರಮ ನಡೆಸುವವರು ಗಮನ ಇಟ್ಟು ಓದಬೇಕು. ಕ್ವೀನ್ಸ್‌ನ ಲಾಂಗ್ ಐಲೆಂಡ್ ಸಿಟಿಯಲ್ಲಿ ನೀರಿನ ಮೀಟರ್ ತಯಾರಿಸುತ್ತಿದ್ದ ಒಂದು ಹಳೇ ಕಾರ್ಖಾನೆ ಇತ್ತು. ಮಾಲೀಕರೇ ಒಪ್ಪಿಗೆ ಕೊಟ್ಟು, ಅದರ ಗೋಡೆಗಳ ಮೇಲೆ ವರ್ಷಗಟ್ಟಲೆ ಕಲಾವಿದರು ಚಿತ್ರ ಬರೆದರು. 2002ರಿಂದ ಅದಕ್ಕೆ ಫೈವ್ ಪಾಯಿಂಟ್ಜ್ ಅಂತ ಹೆಸರು. 7ನೇ ನಂಬರಿನ ರೈಲಿನಲ್ಲಿ ಹೋಗುವವರಿಗೆಲ್ಲ ಕಾಣುತ್ತಿತ್ತು. 2013ರ ನವೆಂಬರ್‌ನಲ್ಲಿ ಒಂದು ರಾತ್ರಿ, ಯಾರಿಗೂ ಹೇಳದೆ, ಮಾಲೀಕರು ಅದಕ್ಕೆಲ್ಲ ಬಿಳಿ ಬಣ್ಣ ಬಳಿಸಿಬಿಟ್ಟರು. ಮರುವರ್ಷ ಕಟ್ಟಡವನ್ನೇ ಕೆಡವಿದರು. ಕಲಾವಿದರು 1990ರ ಕಲಾವಿದರ ಹಕ್ಕುಗಳ ಕಾಯ್ದೆ ಹಿಡಿದು ಕೋರ್ಟಿಗೆ ಹೋದರು. 2018ರಲ್ಲಿ ಫೆಡರಲ್ ನ್ಯಾಯಾಧೀಶ ಫ್ರೆಡರಿಕ್ ಬ್ಲಾಕ್ ತೀರ್ಪು ಕೊಟ್ಟರು. 45 ಚಿತ್ರಗಳಿಗೆ, ಒಂದಕ್ಕೆ ಒಂದೂವರೆ ಲಕ್ಷ ಡಾಲರ್ ಹಾಗೆ, 21 ಕಲಾವಿದರಿಗೆ ಒಟ್ಟು 67.5 ಲಕ್ಷ ಡಾಲರ್ ಪರಿಹಾರ. 2020ರಲ್ಲಿ ಮೇಲಿನ ಕೋರ್ಟೂ ಅದನ್ನೇ ಎತ್ತಿಹಿಡಿಯಿತು.

ಆ ಕೇಸಿನ ಅರ್ಜಿದಾರರ ಪಟ್ಟಿಯಲ್ಲಿ ಒಂದು ಹೆಸರು ಸಾಂಡ್ರಾ ಫಬಾರಾ.

ಹದಿನಾರನೇ ವಯಸ್ಸಿನಲ್ಲಿ ಯಾವ ಊರಿನ ಪೊಲೀಸರನ್ನು ಕಂಡು ಓಡುತ್ತಿದ್ದರೋ, ಅದೇ ಊರಿನ ಕೋರ್ಟಿನಲ್ಲಿ ತಮ್ಮ ಅಸಲಿ ಹೆಸರು ಕೊಟ್ಟು, ನನ್ನ ಚಿತ್ರ ಅಳಿಸಿದ್ದು ತಪ್ಪು ಅಂತ ವಾದಿಸಿ ಗೆದ್ದರು. ಅಪ್ಪಣೆ ಇಲ್ಲದೆ ರೈಲಿಗೆ ಬಳಿದದ್ದೂ ಒಪ್ಪಿಗೆ ಪಡೆದು ಗೋಡೆಗೆ ಬರೆದದ್ದೂ ಕಾನೂನಿನ ಕಣ್ಣಿಗೆ ಒಂದೇ ಅಲ್ಲ, ಅದು ನನಗೂ ಗೊತ್ತು. ಆದರೂ ನಲವತ್ತು ವರ್ಷದ ಈ ದಾರಿಯನ್ನು ‘ಫಸ್ಟ್ ಲೇಡಿ’ ಅನ್ನುವ ಎರಡು ಪದಕ್ಕೆ ಇಳಿಸಿಬಿಟ್ಟರೆ ಏನು ಉಳಿಯಿತು ಹೇಳಿ? ಫಸ್ಟ್ ಲೇಡಿ ಅಂದರೆ ಯಾರೋ ದೊಡ್ಡ ಮನುಷ್ಯನ ಹೆಂಡತಿ. ಇವರು ಯಾರದೋ ಹೆಂಡತಿ ಅಂತ ರೈಲು ಹತ್ತಲಿಲ್ಲ.

ಹಾಗಾದರೆ ನಾನು ನಿಮ್ಮಿಂದ ಏನು ಕೇಳ್ತಿದ್ದೀನಿ?

ಮೊದಲು ವಿಡಿಯೋ ಮಾಡುವವರಿಗೆ. ಹುಟ್ಟಿದ ಕಥೆ ಹೇಳುವಾಗ ಸಿಂಡಿ ಹೆಸರು ಹರ್ಕ್ ಹೆಸರಿಗಿಂತ ಮುಂಚೆ ಬರಲಿ. ಪಾರ್ಟಿ ಇಟ್ಟವರ ಹೆಸರು ಮುಂಚೆ ಬರುವುದು ಸಹಜ ತಾನೇ? ‘ಮಹಿಳಾ ವಿಶೇಷ’ ಅಂತ ಮಾರ್ಚ್ ತಿಂಗಳಲ್ಲಿ ಒಂದು ಎಪಿಸೋಡ್ ಮಾಡಿ ಕೈತೊಳೆದುಕೊಳ್ಳಬೇಡಿ. ಪಿಂಕ್ ಬಗ್ಗೆ ಹೇಳುವಾಗ ಅಕ್ಷರದ ಬಗ್ಗೆ, ಬಣ್ಣದ ಬಗ್ಗೆ, ಕತ್ತಲಲ್ಲಿ 51 ಅಡಿ ಬೋಗಿಗೆ ಬಣ್ಣ ತುಂಬುವ ಕಸುಬಿನ ಬಗ್ಗೆ ಹೇಳಿ. ಹುಡುಗರ ಬಗ್ಗೆ ಹಾಗೇ ತಾನೇ ಹೇಳೋದು?

ಸಂದರ್ಶನ ಮಾಡುವವರಿಗೆ ಒಂದೇ ಮಾತು. ರ‍್ಯಾಪ್ ಮಾಡುವ ಹುಡುಗಿ ಎದುರು ಕೂತಾಗ ‘ಮನೇಲಿ ಏನಂತಾರೆ?’ ಅನ್ನುವುದನ್ನು ಮೊದಲ ಪ್ರಶ್ನೆ ಮಾಡಬೇಡಿ. ಮೊದಲು ಬೀಟ್ ಬಗ್ಗೆ ಕೇಳಿ, ಪ್ರಾಸ ಹೇಗೆ ಕಟ್ಟುತ್ತೀರಿ ಅಂತ ಕೇಳಿ. ಬೇರೆ ಕಡೆಯಿಂದ ಬಂದವಳಾದರೆ, ಅವಳ ಉಚ್ಚಾರಣೆ ನಿಮ್ಮ ನಗುವಿನ ಸರಕಲ್ಲ. ಈ ಹಾಡಿನ ಶೈಲಿಯೇ ಒಂದು ಊರಿನ ಸೌಂಡ್ ಸಿಸ್ಟಮ್ಮು, ಇನ್ನೊಂದು ಊರಿನ ಮಾತಿನ ಧಾಟಿ ಬೆರೆತು ಹುಟ್ಟಿದ್ದು. ಜಮೈಕಾದ ಧಾಟಿ ಬ್ರಾಂಕ್ಸ್‌ಗೆ ಬರದಿದ್ದರೆ ಇವತ್ತು ನೀವು ವಿಡಿಯೋ ಮಾಡೋಕೆ ವಿಷಯವೇ ಇರುತ್ತಿರಲಿಲ್ಲ.

ಜಾಮ್ ನಡೆಸುವವರ ಹತ್ತಿರ ಕೇಳೋದು ಜಾಸ್ತಿ ಇದೆ, ಯಾಕೆಂದರೆ ನಿಮ್ಮ ಕೈಯಲ್ಲಿ ಗೋಡೆಯೂ ಇದೆ, ದುಡ್ಡೂ ಇದೆ. ಹುಡುಗಿಯರಿಗೆ ಪ್ರತ್ಯೇಕವಾಗಿ ಮೂಲೆಯಲ್ಲೊಂದು ಗೋಡೆ ಕೊಟ್ಟು ಅದಕ್ಕೆ ‘ನಾರಿಶಕ್ತಿ’ ಅಂತ ಬೋರ್ಡ್ ಹಾಕುವುದು ನಿಲ್ಲಲಿ. ರಸ್ತೆಗೆ ಎದುರಾಗಿರುವ ದೊಡ್ಡ ಗೋಡೆಗೆ ಅವರ ಹೆಸರೂ ಚೀಟಿಯಲ್ಲಿರಲಿ. ತೀರ್ಪುಗಾರರ ಸಾಲಿನಲ್ಲಿ ಹುಡುಗಿಯರು ಇರಲಿ, ಹೂಗುಚ್ಛ ಕೊಡುವ ಸಾಲಿನಲ್ಲಲ್ಲ. ಹುಡುಗರಿಗೆ ಎಷ್ಟು ಕೊಡುತ್ತೀರೋ ಅಷ್ಟೇ ಕೊಡಿ. ‘ಎಕ್ಸ್‌ಪೋಷರ್ ಸಿಗುತ್ತೆ’ ಅನ್ನುವ ಮಾತು ಸಾಕು.

ಇನ್ನೊಂದು ವಿಷಯ ಇದೆ, ಕೇಳೋಕೆ ಚಿಕ್ಕದು, ಆದರೆ ಬರುವವರು ಬರುತ್ತಾರೋ ಇಲ್ಲವೋ ಅನ್ನೋದು ಅದರ ಮೇಲೇ ನಿಂತಿದೆ. ಶೌಚಾಲಯ ಎಲ್ಲಿದೆ? ಕತ್ತಲಾದ ಮೇಲೆ ಗೋಡೆ ಹತ್ತಿರ ಲೈಟ್ ಇದೆಯಾ? ಏಣಿ ಹತ್ತಿದವರ ಕೆಳಗೆ ಮೊಬೈಲ್ ಹಿಡಿದು ನಿಲ್ಲುವವರನ್ನು ಓಡಿಸೋಕೆ ಯಾರಿದ್ದಾರೆ? ಕಾರ್ಯಕ್ರಮ ಮುಗಿದ ಮೇಲೆ ಮನೆಗೆ ಹೋಗೋದು ಹೇಗೆ? ಪಿಂಕ್ ಹುಡುಗನ ಬಟ್ಟೆ ಹಾಕಿಕೊಂಡು ಹೋಗಬೇಕಾದದ್ದು 1980ರಲ್ಲಿ, ಯಾರ ಒಪ್ಪಿಗೆಯೂ ಇಲ್ಲದ ಯಾರ್ಡಿಗೆ. ನಿಮ್ಮದು ಪರ್ಮಿಷನ್ ತಗೊಂಡು, ಸ್ಪಾನ್ಸರ್ ಹಿಡಿದು, ಬ್ಯಾನರ್ ಕಟ್ಟಿ ಮಾಡುವ ಕಾರ್ಯಕ್ರಮ. ಅಲ್ಲಿಗೂ ಹುಡುಗಿ ಹೆದರಿಕೊಂಡು ಬರಬೇಕು ಅಂದರೆ ತಪ್ಪು ಅವಳದ್ದಲ್ಲ.

ಚಿತ್ರ ಮುಗಿದ ಮೇಲಿನ ಮಾತನ್ನೂ ಬರಹದಲ್ಲಿ ಇಡಿ. ಎಷ್ಟು ಕಾಲ ಗೋಡೆ ಮೇಲೆ ಇರುತ್ತದೆ, ಅಳಿಸುವ ಮುಂಚೆ ಎಷ್ಟು ದಿನ ಮೊದಲು ತಿಳಿಸುತ್ತೀರಿ, ಫೋಟೋ ಯಾರದ್ದು, ಜಾಹೀರಾತಿಗೆ ಬಳಸಿದರೆ ದುಡ್ಡು ಯಾರಿಗೆ. ಫೈವ್ ಪಾಯಿಂಟ್ಜ್ ಕೇಸು ಅಷ್ಟು ದೂರ ಹೋಗಲು ಕಾರಣವಾದದ್ದು, ಹೇಳದೆ ಕೇಳದೆ ರಾತ್ರೋರಾತ್ರಿ ಬಳಿದದ್ದು. ಅಳಿಸುವ ಮುಂಚೆ ಕಲಾವಿದರಿಗೆ ತಿಳಿಸಬೇಕು ಅಂತ ಅಲ್ಲಿನ ಕಾಯ್ದೆಯಲ್ಲೇ ಇತ್ತು. ಒಂದು ನೋಟಿಸ್ ಕೊಟ್ಟಿದ್ದರೆ ಮಾಲೀಕರಿಗೆ 67.5 ಲಕ್ಷ ಡಾಲರ್ ಉಳಿಯುತ್ತಿತ್ತೋ ಏನೋ.

ಮುಂದಿನ ಜಾಮ್‌ನ ಪೋಸ್ಟರ್ ಪ್ರಿಂಟಿಗೆ ಹೋಗುವ ಮುಂಚೆ ಗೋಡೆ ಹಂಚಿಕೆಯ ಪಟ್ಟಿಯನ್ನು ಹೊರಗೆ ಹಾಕಿ. ಯಾರಿಗೆ ಯಾವ ಗೋಡೆ, ಎಷ್ಟು ಅಡಿ, ಎಷ್ಟು ಸಂಭಾವನೆ ಅಂತ. ನಾನು ಓದಿ ಲೆಕ್ಕ ಹಾಕ್ತೀನಿ. ಸರಿಯಿದ್ದರೆ ಬಣ್ಣದ ಡಬ್ಬಿ ಹೊತ್ತು ತರೋಕೆ ನಾನೂ ಬರ್ತೀನಿ.

ಇಂತಿ,
ನಿಮ್ಮ ಖಾಯಂ ವೀಕ್ಷಕಿ